ರಸ್ತೆ, ಆನೆ ಸುದ್ದಿ, ಕರೆಂಟು: ಕೊಡಗಿನ ಜಾಲಗಳನ್ನು ನೀವೇ ಬಿಡಿಸಿ ಓದುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ನೇರ ದಾರಿಯೇ ಕೈತಪ್ಪಿತು. ಅಷ್ಟೇ ಮಣ್ಣು ಯಾವುದೋ ತೋಟದ ಒಳದಾರಿಗೆ ಬಿದ್ದಿದ್ದರೆ ಊರಿನ ನಾಲ್ಕು ಜನ ಸುತ್ತು ಹಾಕಿ ಓಡಾಡುತ್ತಿದ್ದರು, ಅಷ್ಟೇ. ಎಷ್ಟು ಬಿತ್ತು ಅನ್ನುವುದರ ಜೊತೆಗೆ ಎಲ್ಲಿ ಬಿತ್ತು ಅನ್ನುವುದನ್ನೂ ಕೇಳಬೇಕು. ಆ 'ಎಲ್ಲಿ' ಅನ್ನುವುದನ್ನು ಲೆಕ್ಕಕ್ಕೆ ತರುವ ವಿದ್ಯೆಗೆ ನೆಟ್‌ವರ್ಕ್ ಸೈನ್ಸ್ ಅನ್ನುತ್ತಾರೆ. ಕನ್ನಡದಲ್ಲಿ ಜಾಲ ವಿಜ್ಞಾನ ಅನ್ನೋಣ.

ಇದರ ಬೇರು ಹಳೆಯದು. ಕೋನಿಗ್ಸ್‌ಬರ್ಗ್ ಪಟ್ಟಣದ 7 ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಇಡೀ ಊರು ಸುತ್ತಬಹುದಾ ಅನ್ನುವ ಪ್ರಶ್ನೆಗೆ ಲಿಯೊನಾರ್ಡ್ ಆಯ್ಲರ್ 1736ರಲ್ಲಿ 'ಆಗದು' ಎಂದು ತೋರಿಸಿದ. ರಸ್ತೆಯ ಉದ್ದ, ನದಿಯ ಅಗಲ ಎಲ್ಲ ಬಿಟ್ಟು ಯಾವುದು ಯಾವುದಕ್ಕೆ ಸೇರಿದೆ ಅನ್ನುವುದನ್ನು ಮಾತ್ರ ಇಟ್ಟುಕೊಂಡ. 1930ರ ದಶಕದಲ್ಲಿ ಜೇಕಬ್ ಮೊರೆನೊ ಮನುಷ್ಯರನ್ನು ಚುಕ್ಕಿಗಳಾಗಿ, ಅವರ ಸಂಬಂಧಗಳನ್ನು ಗೆರೆಗಳಾಗಿ ಬಿಡಿಸಿದ. ಕಂಪ್ಯೂಟರ್ ಬಂದ ಮೇಲೆ, ಅದರಲ್ಲೂ 1990ರ ದಶಕದ ಕೊನೆಯಿಂದ, ಇದು ಜೋರಾಗಿ ಬೆಳೆಯಿತು.

ಇತಿಹಾಸ ಸಾಕು. ಕೆಲಸಕ್ಕೆ ಬರೋಣ. ಕಾಲೇಜು ಪ್ರಾಜೆಕ್ಟ್ ಮಾಡುವವರು, ಪಂಚಾಯಿತಿಯಲ್ಲಿ ಕೆಲಸ ಮಾಡುವವರು, ಸುಮ್ನೆ ಕುತೂಹಲ ಇರುವವರು, ಯಾರು ಬೇಕಾದರೂ ಮಾಡಬಹುದು. ಮೊದಲಿಗೆ ಒಂದು ಹಾಳೆ, ಪೆನ್ಸಿಲ್ ಸಾಕು.

ಹೆಜ್ಜೆ 1: ಪ್ರಶ್ನೆ ಮೊದಲು, ಚಿತ್ರ ಆಮೇಲೆ

'ಕೊಡಗಿನ ಜಾಲ ಬಿಡಿಸುತ್ತೇನೆ' ಅಂತ ಹೊರಟರೆ ಬಣ್ಣ ಬಣ್ಣದ ಗೋಜಲು ಸಿಗುತ್ತದೆ. ಗೋಡೆಗೆ ಅಂಟಿಸಲು ಚೆಂದ, ಬೇರೆ ಉಪಯೋಗವಿಲ್ಲ. ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ. ಈ ಲೇಖನಕ್ಕೆ ಎರಡು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಒಂದು, ಮಳೆಗಾಲದಲ್ಲಿ ಯಾವ ಊರು ಕೈತಪ್ಪಿದರೆ ಉಳಿದ ಊರುಗಳ ನಡುವಿನ ಓಡಾಟಕ್ಕೆ ಜಾಸ್ತಿ ಪೆಟ್ಟು? ಎರಡು, ತೋಟಕ್ಕೆ ಆನೆ ಬಂದ ಸುದ್ದಿ ಯಾರಿಂದ ಯಾರಿಗೆ ಹೋಗುತ್ತದೆ, ಯಾರಿಗೆ ಹೋಗುವುದೇ ಇಲ್ಲ?

ಹೆಜ್ಜೆ 2: ಚುಕ್ಕಿ ಯಾವುದು, ಗೆರೆ ಯಾವುದು, ಬೇಲಿ ಎಲ್ಲಿ?

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಚುಕ್ಕಿಗೆ ನೋಡ್, ಗೆರೆಗೆ ಎಡ್ಜ್ ಅನ್ನುತ್ತಾರೆ.

ರಸ್ತೆಯ ಪ್ರಶ್ನೆಗೆ 11 ಊರು ತೆಗೆದುಕೊಳ್ಳೋಣ: ಸಂಪಾಜೆ, ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಮೂರ್ನಾಡು, ನಾಪೋಕ್ಲು, ಭಾಗಮಂಡಲ, ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ. ಈಗ ಗೆರೆ ಎಳೆಯಿರಿ. ಮಡಿಕೇರಿಯಿಂದ ಸಂಪಾಜೆ, ಸುಂಟಿಕೊಪ್ಪ, ಮೂರ್ನಾಡು, ಭಾಗಮಂಡಲಕ್ಕೆ ಒಂದೊಂದು, ಚೆಟ್ಟಳ್ಳಿ ಮೇಲಿಂದ ಸಿದ್ದಾಪುರಕ್ಕೆ ಇನ್ನೊಂದು. ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ, ಮಾದಾಪುರದ ಮೇಲೆ ಸೋಮವಾರಪೇಟೆಗೆ. ಕುಶಾಲನಗರದಿಂದ ಸೋಮವಾರಪೇಟೆಗೆ, ಸಿದ್ದಾಪುರಕ್ಕೆ. ಮೂರ್ನಾಡಿನಿಂದ ವಿರಾಜಪೇಟೆಗೆ, ನಾಪೋಕ್ಲಿಗೆ. ನಾಪೋಕ್ಲಿನಿಂದ ಭಾಗಮಂಡಲಕ್ಕೆ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ, ಅಮ್ಮತ್ತಿ ಮೇಲೆ ಸಿದ್ದಾಪುರಕ್ಕೆ. ಪಾಲಿಬೆಟ್ಟದ ಮೇಲೆ ಸಿದ್ದಾಪುರ–ಗೋಣಿಕೊಪ್ಪ. ಒಟ್ಟು 15 ಗೆರೆ. 'ಅಯ್ಯೋ, ನಮ್ಮೂರ ರಸ್ತೆ ಎಲ್ಲಿ?' ಅಂತ ಕೇಳುವವರಿದ್ದಾರೆ, ಗೊತ್ತು. ಒಳದಾರಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹಾಗೆ ಬಿಟ್ಟಿದ್ದನ್ನು ಬರೆದಿಡುವುದೂ ಈ ಹೆಜ್ಜೆಯ ಭಾಗ.

ಈಗ ಬೇಲಿ. ಜಿಲ್ಲೆಯ ಗಡಿಯಲ್ಲಿ ನಿಂತರೆ ಸಂಪಾಜೆಗೆ ಒಂದೇ ಗೆರೆ. ಜಾಲದ ಮೂಲೆಯಲ್ಲಿ ಬಿದ್ದಿರುವ, ಲೆಕ್ಕಕ್ಕಿಲ್ಲದ ಚುಕ್ಕಿಯಂತೆ ಕಾಣುತ್ತದೆ. ಆದರೆ ಅದರಾಚೆ ಸುಳ್ಯ, ಮಂಗಳೂರು ಇವೆ. ಆ ಎರಡು ಚುಕ್ಕಿ ಸೇರಿಸಿದರೆ ಅದೇ ಸಂಪಾಜೆ ಹೆಬ್ಬಾಗಿಲು. ಗೋಣಿಕೊಪ್ಪದ ಕಥೆಯೂ ಹಾಗೇ. ತಿತಿಮತಿ ಮೇಲೆ ಹುಣಸೂರಿಗೆ ಹೋಗಿ, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಬರುವ ದಾರಿ ಇದೆ. ಅದು ಮೈಸೂರು ಜಿಲ್ಲೆಯೊಳಗೆ ಹಾದುಹೋಗುತ್ತದೆ ಅಂತ ಬಿಟ್ಟರೆ, ಕಷ್ಟ ಕಾಲಕ್ಕೆ ಬರುವ ದಾರಿಯೇ ಲೆಕ್ಕದಿಂದ ಹೊರಗೆ. ಮಣ್ಣಿಗೆ, ನೀರಿಗೆ, ಆನೆಗೆ ತಾಲೂಕು ಗಡಿ ಗೊತ್ತಿಲ್ಲ. ನಿಮ್ಮ ಪ್ರಶ್ನೆಗೆ ಯಾವ ಬೇಲಿ ಸರಿ ಅಂತ ನೀವೇ ನಿರ್ಧರಿಸಬೇಕು.

ಆನೆ ಸುದ್ದಿಯಲ್ಲಿ ಚುಕ್ಕಿ ಅಂದರೆ ಮನುಷ್ಯರು. ಗೆರೆ ಅಂದರೆ? 'ಪರಿಚಯ' ಅಂತ ಇಟ್ಟುಕೊಂಡರೆ ಊರಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ, ಕಥೆ ಮುಗಿಯಿತು. 'ಹೋದ ಸಲ ಇವರು ಇವರಿಗೆ ಹೇಳಿದರು' ಅನ್ನುವುದು ಗೆರೆಯಾಗಲಿ. ಇದಕ್ಕೆ ದಿಕ್ಕು ಇದೆ, ಬಾಣದ ಗುರುತು ಹಾಕಿ. ತೋಟದ ಯಜಮಾನರು ಲೆಕ್ಕ ಬರೆಯುವ ರೈಟರ್‌ಗೆ ಹೇಳಿದ ಮಾತ್ರಕ್ಕೆ ರೈಟರ್ ಯಜಮಾನರಿಗೆ ಹೇಳಿದ ಹಾಗಾಗಲಿಲ್ಲ, ಅಲ್ವಾ?

ಹೆಜ್ಜೆ 3: ಮಾಹಿತಿ ಕಲೆಹಾಕುವುದು

ರಸ್ತೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಉಚಿತವಾಗಿ ಸಿಗುತ್ತದೆ. ಆದರೆ ಕಿಲೋಮೀಟರ್ ನಂಬಿಕೊಂಡು ಕೂರಬೇಡಿ. ಘಾಟಿಯಲ್ಲಿ ಹತ್ತು ಕಿಲೋಮೀಟರ್‌ಗೂ ಬಯಲಿನ ಹತ್ತು ಕಿಲೋಮೀಟರ್‌ಗೂ ಹೋಲಿಕೆಯೇ ಇಲ್ಲ. ಜುಲೈನಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಬಸ್ಸಿನವರನ್ನು, ಜೀಪಿನವರನ್ನು ಕೇಳಿ ಬರೆದುಕೊಳ್ಳಿ.

ಮನುಷ್ಯರ ಜಾಲಕ್ಕೆ ಮನೆ ಮನೆಗೆ ಹೋಗಬೇಕು. 'ನಿಮ್ಮ ಸ್ನೇಹಿತರು ಯಾರು?' ಅಂತ ಕೇಳಿದರೆ ದೊಡ್ಡವರ ಹೆಸರೆಲ್ಲ ಬರುತ್ತದೆ. ನಡೆದ ಒಂದು ಘಟನೆ ಹಿಡಿದು ಕೇಳಿ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಯಲ್ಲಿ, ಮಾತು ಹೀಗೆ ನಡೆಯಬಹುದು:

'ಅಕ್ಕ, ಹೋದ ಸಲ ಆನೆ ಬಂದಾಗ ನಿಮಗೆ ಯಾರು ಹೇಳಿದ್ರು?'

'ಯಾರೂ ಹೇಳ್ಲಿಲ್ಲ. ನಾಯಿ ಬೊಗಳ್ತು, ಎದ್ದು ನೋಡಿದ್ವಿ.'

'ನೀವು ಯಾರಿಗಾದ್ರೂ ಹೇಳಿದ್ರಾ?'

'ಪಕ್ಕದ ಮನೆಗೆ ಕೂಗಿದ್ದು. ಬೆಳಿಗ್ಗೆ ಮೇಸ್ತ್ರಿಗೆ ಹೇಳಿದ್ದು.'

'ಯಾರೂ ಹೇಳ್ಲಿಲ್ಲ' ಅನ್ನುವುದೂ ಉತ್ತರವೇ. ಒಳಗೆ ಬರುವ ಬಾಣ ಸೊನ್ನೆ ಅಂತ ಬರೆದುಕೊಳ್ಳಿ. ಇಂಥ ಸೊನ್ನೆಗಳು ಎಲ್ಲಿ ಗುಂಪಾಗಿವೆ ಅನ್ನುವುದೇ ಕೊನೆಗೆ ನಿಮ್ಮ ಅಧ್ಯಯನದ ಮುಖ್ಯ ಮಾತಾಗಬಹುದು. ಬೆಳಗಿನ ಮಂಜಿನಲ್ಲಿ ನಡೆದು ಕೆಲಸಕ್ಕೆ ಹೋಗುವವರು ಲೈನ್ ಮನೆಯವರು, ಸುದ್ದಿ ಓಡಾಡುವುದು ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ.

'ಐದು ಹೆಸರು ಹೇಳಿ' ಅಂತ ಮಿತಿ ಹಾಕಬೇಡಿ. ಹಾಕಿದರೆ ಹದಿನೈದು ಜನರಿಗೆ ಫೋನ್ ಮಾಡುವವರೂ ಐದಕ್ಕೇ ನಿಲ್ಲುತ್ತಾರೆ, ಜಾಲ ಸಪಾಟಾಗುತ್ತದೆ. ಭಾಷೆಯ ಬಗ್ಗೆಯೂ ಎಚ್ಚರ ಇರಲಿ. ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಎರವರ ಮಾತು, ಕುರುಬರ ಮಾತು ಎಲ್ಲ ಇವೆ. ಕನ್ನಡದಲ್ಲಿ ಮಾತ್ರ ಕೇಳಿದರೆ ಕನ್ನಡ ಚೆನ್ನಾಗಿ ಬರುವವರೇ ಜಾಲದ ನಡುವೆ ಕಾಣುತ್ತಾರೆ. ಕಾಲವೂ ಮುಖ್ಯ. ಡಿಸೆಂಬರ್–ಜನವರಿಯ ಕಾಫಿ ಕೊಯ್ಲಿನಲ್ಲಿ ಹೊರಗಿನಿಂದ ಬಂದ ಕೆಲಸಗಾರರು ತುಂಬಿರುತ್ತಾರೆ. ಜೂನ್‌ನಲ್ಲಿ ಅದೇ ಲೈನ್ ಮನೆಯ ಜಾಲ ಬೇರೆಯೇ.

ಒಪ್ಪಿಗೆ ಪಡೆಯದೆ ಕೇಳಬೇಡಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೀವಿದ್ದೀರಿ ಅಂದ ಮಾತ್ರಕ್ಕೆ ಅಲ್ಲಿನ ಚಾಟ್ ತೆಗೆದು ಲೆಕ್ಕ ಹಾಕುವ ಹಕ್ಕು ಬರುವುದಿಲ್ಲ. ಇನ್ನೊಂದು ತೊಡಕು ಈ ವಿದ್ಯೆಗೇ ವಿಶೇಷ: ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ, ಆ ಇನ್ನೊಬ್ಬರನ್ನು ನೀವು ಕೇಳಿಯೇ ಇರುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಹೆಸರಿನ ಬದಲು ಸಂಖ್ಯೆ ಬಳಸಿ. ಹೆಸರಿನ ಪಟ್ಟಿ ಬೇರೆ ಕಡೆ ಇರಲಿ.

ಇಷ್ಟೆಲ್ಲ ಸುತ್ತಲು ಪುರುಸೊತ್ತಿಲ್ಲದಿದ್ದರೆ ಒಂದು ಒಳ್ಳೆಯ ಅಡ್ಡದಾರಿ ಇದೆ, ಅದೂ ನಮ್ಮ ರಾಜ್ಯದಲ್ಲೇ ಪರೀಕ್ಷೆಯಾದದ್ದು. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಸೇರಿ ಕರ್ನಾಟಕದ 75 ಹಳ್ಳಿಗಳಲ್ಲಿ ಯಾರು ಯಾರ ಮನೆಗೆ ಹೋಗುತ್ತಾರೆ, ಯಾರು ಯಾರಿಂದ ಸೀಮೆಎಣ್ಣೆ, ಅಕ್ಕಿ, ದುಡ್ಡು ಕೈಗಡ ತರುತ್ತಾರೆ, ಯಾರ ಜೊತೆ ದೇವಸ್ಥಾನಕ್ಕೆ ಹೋಗುತ್ತಾರೆ ಅಂತೆಲ್ಲ ಕೇಳಿ ಜಾಲ ಬಿಡಿಸಿದರು. ಅವುಗಳಲ್ಲಿ 43 ಹಳ್ಳಿಗೆ ಕಿರುಸಾಲ ಯೋಜನೆ ಬಂತು. ಮೊದಲು ಸುದ್ದಿ ತಿಳಿದವರು ಜಾಲದ ನಡುವಿನವರಾಗಿದ್ದ ಹಳ್ಳಿಗಳಲ್ಲಿ ಹೆಚ್ಚು ಜನ ಸೇರಿಕೊಂಡರು. 2013ರಲ್ಲಿ ಇದು ಪ್ರಕಟವಾಯಿತು. ಮುಂದೆ 2019ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು. 'ಒಂದು ಸುದ್ದಿ ಊರಿಗೆಲ್ಲ ಹರಡಬೇಕಾದರೆ ಯಾರಿಗೆ ಹೇಳಬೇಕು?' ಅಂತ ಊರಿನವರನ್ನೇ ಕೇಳಿದರೆ ಸಾಕು, ಅವರು ಹೇಳುವ ಹೆಸರುಗಳು ಜಾಲದ ನಡುವಿನವರಿಗೆ ಚೆನ್ನಾಗಿಯೇ ಹೊಂದುತ್ತವೆ. ಊರ ಹಿರಿಯರಿಗಿಂತ ಹೀಗೆ ಹೆಸರಿಸಿದವರಿಂದಲೇ ಸುದ್ದಿ ಜಾಸ್ತಿ ಹರಡಿತು. ಪೂರ್ತಿ ಜಾಲ ಬಿಡಿಸಲು ಆಗದಿದ್ದರೆ ಈ ಒಂದು ಪ್ರಶ್ನೆ ಕೇಳಿ ಬನ್ನಿ.

ಹೆಜ್ಜೆ 4: ಕಂಪ್ಯೂಟರಿಗೆ ಹಾಕುವುದು

ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿ. ಮೊದಲನೆಯದಕ್ಕೆ ಸೋರ್ಸ್, ಎರಡನೆಯದಕ್ಕೆ ಟಾರ್ಗೆಟ್ ಅಂತ ಇಂಗ್ಲಿಷ್ ಅಕ್ಷರದಲ್ಲೇ ತಲೆಬರಹ ಕೊಡಿ. ಒಂದು ಸಾಲಿಗೆ ಒಂದು ಗೆರೆ. ಸಿಎಸ್‌ವಿ ಆಗಿ ಸೇವ್ ಮಾಡಿದರೆ ಗೆಫಿ ಅನ್ನುವ ಉಚಿತ ಸಾಫ್ಟ್‌ವೇರ್ ತೆಗೆದುಕೊಳ್ಳುತ್ತದೆ. ಪೈಥಾನ್ ಬರುವವರಿಗೆ ನೆಟ್‌ವರ್ಕ್‌ಎಕ್ಸ್ ಇದೆ.

ಎಚ್ಚರ ಬೇಕಾದ ಒಂದು ಕಡೆ: ಮೂರನೆಯ ಕಾಲಂ, ಅಂದರೆ ವೆಯ್ಟ್. ಗುಂಪು (ತಮ್ಮತಮ್ಮೊಳಗೆ ಜಾಸ್ತಿ ಗೆರೆ ಇರುವ ಚುಕ್ಕಿಗಳು) ಹುಡುಕುವ ಲೆಕ್ಕದಲ್ಲಿ ಈ ಸಂಖ್ಯೆ ದೊಡ್ಡದಾದಷ್ಟೂ ಸಂಬಂಧ ಗಟ್ಟಿ. ನೆಟ್‌ವರ್ಕ್‌ಎಕ್ಸ್‌ನ ಹತ್ತಿರದ ದಾರಿ ಲೆಕ್ಕದಲ್ಲಿ ಅದೇ ಸಂಖ್ಯೆ ದೊಡ್ಡದಾದಷ್ಟೂ ದೂರ. ಪ್ರಯಾಣದ ನಿಮಿಷವನ್ನೂ ಫೋನ್ ಕರೆಗಳ ಸಂಖ್ಯೆಯನ್ನೂ ಒಂದೇ ರೀತಿ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ. ಸಾಫ್ಟ್‌ವೇರ್ ಏನೂ ತಕರಾರು ಮಾಡುವುದಿಲ್ಲ, ತಪ್ಪು ಉತ್ತರವನ್ನೇ ಚೆಂದವಾಗಿ ಕೊಡುತ್ತದೆ.

ಹೆಜ್ಜೆ 5: ಅಳೆಯುವುದು

ಮೊದಲ ಅಳತೆ ಡಿಗ್ರಿ, ಅಂದರೆ ಒಂದು ಚುಕ್ಕಿಗೆ ಎಷ್ಟು ಗೆರೆ. ನಮ್ಮ ನಕ್ಷೆಯಲ್ಲಿ ಮಡಿಕೇರಿಗೆ 5, ಸಿದ್ದಾಪುರಕ್ಕೆ 4, ಸುಂಟಿಕೊಪ್ಪ, ಕುಶಾಲನಗರ, ಮೂರ್ನಾಡು, ವಿರಾಜಪೇಟೆಗೆ ತಲಾ 3. ಎಲ್ಲ ಡಿಗ್ರಿ ಕೂಡಿದರೆ 30 ಬರಬೇಕು, ಗೆರೆಗಳ ಎರಡರಷ್ಟು. ಬರದಿದ್ದರೆ ಎಲ್ಲೋ ಗೆರೆ ಬಿಟ್ಟುಹೋಗಿದೆ.

ಎರಡನೆಯದು ಸುತ್ತುದಾರಿಗಳ ಲೆಕ್ಕ. 11 ಊರುಗಳನ್ನು ಹೇಗೋ ಒಂದಕ್ಕೊಂದು ಸೇರಿಸಲು 10 ಗೆರೆ ಸಾಕು. ಅಂಥ ಜಾಲಕ್ಕೆ ಮರ ಅನ್ನುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯಂಥ ನಾಕೌಟ್ ಪಂದ್ಯಾವಳಿಯ ಡ್ರಾ ಹಾಗೆ: ಎಷ್ಟು ತಂಡವಿದೆಯೋ ಅದಕ್ಕಿಂತ ಒಂದು ಕಡಿಮೆ ಪಂದ್ಯ, ಸೋತವರಿಗೆ ಬೇರೆ ದಾರಿ ಇಲ್ಲ. ಮರದಲ್ಲಿ ಯಾವ ಗೆರೆ ಕಡಿದರೂ ಜಾಲ ಎರಡು ತುಂಡು. ನಮ್ಮಲ್ಲಿ 15 ಗೆರೆ ಇವೆ, ಅಂದರೆ 5 ಜಾಸ್ತಿ. ಆ ಐದೇ ಮಳೆಗಾಲದ ಧೈರ್ಯ.

ಮೂರನೆಯದು ಬಿಟ್ವೀನ್‌ನೆಸ್. ಲಿಂಟನ್ ಫ್ರೀಮನ್ 1977ರಲ್ಲಿ ಇದಕ್ಕೆ ಖಚಿತ ರೂಪ ಕೊಟ್ಟ. ಬೇರೆಯವರ ನಡುವಿನ ಹತ್ತಿರದ ದಾರಿಗಳಲ್ಲಿ ಎಷ್ಟು ನಿಮ್ಮ ಮೂಲಕ ಹೋಗುತ್ತವೆ ಅನ್ನುವ ಲೆಕ್ಕ ಇದು. ಕೈಯಲ್ಲೇ ಮಾಡಿ ನೋಡಿ. ಸುಂಟಿಕೊಪ್ಪದಿಂದ ವಿರಾಜಪೇಟೆಗೆ ಮೂರು ಗೆರೆಯ ದಾರಿಗಳು ಎಷ್ಟಿವೆ? ಮಡಿಕೇರಿ–ಮೂರ್ನಾಡು ಮೇಲೆ ಒಂದು, ಮಡಿಕೇರಿ–ಸಿದ್ದಾಪುರ ಮೇಲೆ ಒಂದು, ಕುಶಾಲನಗರ–ಸಿದ್ದಾಪುರ ಮೇಲೆ ಒಂದು. ಮೂರರಲ್ಲಿ ಎರಡು ಮಡಿಕೇರಿಯಲ್ಲಿ ಹಾಯುತ್ತವೆ, ಎರಡು ಸಿದ್ದಾಪುರದಲ್ಲಿ. ಈ ಒಂದು ಜೋಡಿಗೆ ಜಿಲ್ಲಾ ಕೇಂದ್ರಕ್ಕೂ ಸಿದ್ದಾಪುರಕ್ಕೂ ಸಮಾನ ಅಂಕ. ಹೀಗೆ ಎಲ್ಲ ಜೋಡಿಗೂ ಮಾಡಿ ಕೂಡಬೇಕು. ಅದನ್ನು ಕಂಪ್ಯೂಟರ್ ಮಾಡಲಿ. ಗೆಫಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಭಾಗದ ನೆಟ್‌ವರ್ಕ್ ಡಯಾಮೀಟರ್ ಒತ್ತಿದರೆ ಇದೂ ಬರುತ್ತದೆ.

ಜನರ ಜಾಲದಲ್ಲಿ ಡಿಗ್ರಿ ಮತ್ತು ಬಿಟ್ವೀನ್‌ನೆಸ್ ಬೇರೆ ಬೇರೆ ಹೆಸರು ತೋರಿಸಿದಾಗ ಮಜಾ ಶುರು. ನೂರು ಜನಕ್ಕೆ ಫೋನ್ ಮಾಡುವ ಯಜಮಾನರ ಡಿಗ್ರಿ ದೊಡ್ಡದು, ಆದರೆ ಆ ನೂರು ಜನ ಒಬ್ಬರಿಗೊಬ್ಬರು ಹೇಗೂ ಹೇಳಿಕೊಳ್ಳುತ್ತಾರೆ. ನಾಲ್ಕು ತೋಟಕ್ಕೆ ಕೆಲಸದವರನ್ನು ಬಿಡುವ ಜೀಪ್ ಡ್ರೈವರ್‌ಗೆ ಗೆರೆ ಕಡಿಮೆ, ಆದರೆ ನಾಲ್ಕು ಲೈನ್ ಮನೆಗಳ ನಡುವೆ ಸುದ್ದಿ ಹೋಗುವುದು ಅವನ ಮೂಲಕವೇ ಇರಬಹುದು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು ಇದನ್ನೇ. ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದಾಗ, ಸುದ್ದಿ ಕೊಟ್ಟವರನ್ನು ಆಗಾಗ ನೋಡುತ್ತಿದ್ದೆವು ಅಂದವರು 16.7% ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಸಿಗುವವರಿಂದ.

ಗುಂಪು ಹುಡುಕಲು ಲೂವೆನ್ ವಿಧಾನ ಇದೆ, 2008ರದ್ದು. ಗೆಫಿಯಲ್ಲಿ ಮಾಡ್ಯುಲಾರಿಟಿ ಹೆಸರಿನಲ್ಲಿ ಸಿಗುತ್ತದೆ. ಹಲವು ಸಲ ಓಡಿಸಿ ನೋಡಿ. ಒಂದೊಂದು ಸಲ ಒಂದೊಂದು ಗುಂಪು ಬಂದರೆ ಅದರ ಮೇಲೆ ದೊಡ್ಡ ಮಾತು ಕಟ್ಟಬೇಡಿ.

ಹೆಜ್ಜೆ 6: ಮುರಿದು ನೋಡಿ

ಹಾಳೆಯ ಮೇಲೆ ಮಡಿಕೇರಿಯನ್ನು ಅಳಿಸಿ. ಮೊದಲು ಸಂಪಾಜೆ ಒಂಟಿಯಾಗುತ್ತದೆ. ಉಳಿದ 9 ಊರು ಇನ್ನೂ ಸೇರಿಕೊಂಡೇ ಇವೆ. ಆದರೆ ಭಾಗಮಂಡಲದಿಂದ ಸುಂಟಿಕೊಪ್ಪಕ್ಕೆ ಎರಡು ಗೆರೆಯ ದಾರಿ ಆರು ಗೆರೆಯದ್ದಾಯಿತು: ನಾಪೋಕ್ಲು, ಮೂರ್ನಾಡು, ವಿರಾಜಪೇಟೆ, ಸಿದ್ದಾಪುರ, ಕುಶಾಲನಗರ, ಆಮೇಲೆ ಸುಂಟಿಕೊಪ್ಪ. ಈಗ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಇರುವುದು ಸಿದ್ದಾಪುರ ಒಂದೇ. ಅದನ್ನೂ ಅಳಿಸಿದರೆ ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಒಂದು ಕಡೆ. ಉಳಿದ ಐದು ಇನ್ನೊಂದು ಕಡೆ.

ಇದು ಬರೀ ಕಾಗದದ ಆಟ ಅನ್ನಬೇಡಿ. ಸಿದ್ದಾಪುರ ಇರುವುದು ಕಾವೇರಿ ದಂಡೆಯಲ್ಲಿ, ಎದುರು ದಂಡೆಯಲ್ಲಿ ನೆಲ್ಯಹುದಿಕೇರಿ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ಹೊಳೆ ನುಗ್ಗಿತ್ತು. ಗುಡ್ಡ ಕುಸಿಯುವ ಮಳೆ, ಹೊಳೆ ಉಕ್ಕುವ ಮಳೆ ಎರಡೂ ಒಂದೇ ವಾರದಲ್ಲಿ ಬರುತ್ತವೆ. ಹಾಗಾಗಿ ಚುಕ್ಕಿಗಳನ್ನು ಮನಸ್ಸಿಗೆ ಬಂದ ಹಾಗೆ ಅಳಿಸುವುದಕ್ಕಿಂತ, ಒಂದೇ ಕಾರಣಕ್ಕೆ ಒಟ್ಟಿಗೆ ಬೀಳುವಂಥವನ್ನು ಒಟ್ಟಿಗೆ ಅಳಿಸಿ.

ಹೆಜ್ಜೆ 7: ಒಂದರ ಮೇಲೆ ಇನ್ನೊಂದು ಜಾಲ

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಮುಗಿಯುತ್ತದೆ. ಡೀಸೆಲ್ ತರಬೇಕಾದ ಗಾಡಿಗೆ ರಸ್ತೆ ಇಲ್ಲ. ಫೋನ್ ಸತ್ತಿತು, ಅದರ ಜೊತೆಗೆ ಆನೆ ಸುದ್ದಿಯ ಬಾಣಗಳೂ ಸತ್ತವು. ಒಂದು ಜಾಲ ಇನ್ನೊಂದರ ಹೆಗಲ ಮೇಲೆ ನಿಂತಿದ್ದರೆ ಪೆಟ್ಟು ಹೀಗೆ ದಾಟಿಕೊಂಡು ಹೋಗುತ್ತದೆ. 2003ರಲ್ಲಿ ಇಟಲಿ ಕತ್ತಲಾದ ಘಟನೆಯನ್ನು ಇಟ್ಟುಕೊಂಡು 2010ರಲ್ಲಿ ಸೆರ್ಗೆಯ್ ಬುಲ್ಡಿರೆವ್ ಮತ್ತು ಸಂಗಡಿಗರು ಇದನ್ನು ಗಣಿತದಲ್ಲಿ ತೋರಿಸಿದರು.

ಸಂಪರ್ಕ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಬಿತ್ತು. ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶಕ್ಕೆ ಕರೆಂಟ್ ಇರಲಿಲ್ಲ. ನಮಗೆ ಆ ಪೆಟ್ಟು ತಗಲಲಿಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದದ್ದರ ಜೊತೆ ಒಂದೇ ತಾಳಕ್ಕೆ ಓಡುತ್ತಿರಲಿಲ್ಲ. ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಸೇರಿಸಿದ್ದು 2013ರ ಡಿಸೆಂಬರ್ 31ರಂದು. ಸೇರಿದ್ದರಿಂದ ಬೇಕಾದಾಗ ಕರೆಂಟ್ ತರಲು ಅನುಕೂಲವಾಯಿತು, ಪೆಟ್ಟು ಬರಲೂ ಒಂದು ದಾರಿಯಾಯಿತು.

ನಿಮ್ಮ ಊರಿಗೆ ಮಾಡಬೇಕಾದ್ದು ಇಷ್ಟೇ. ಆನೆ ಸುದ್ದಿಯ ಜಾಲವನ್ನು ಎರಡು ಬಣ್ಣದಲ್ಲಿ ಬಿಡಿಸಿ. ಫೋನಿನಲ್ಲಿ ಹೋಗುವ ಬಾಣಕ್ಕೆ ಕೆಂಪು, ಕೂಗಿ ಅಥವಾ ನಡೆದು ಹೋಗಿ ಹೇಳುವ ಬಾಣಕ್ಕೆ ಕಪ್ಪು. ಆಮೇಲೆ ಕೆಂಪೆಲ್ಲ ಅಳಿಸಿ. ಉಳಿದ ಕಪ್ಪು ಜಾಲವೇ ಜುಲೈ ತಿಂಗಳ ನಿಜವಾದ ಜಾಲ.

ಹೆಜ್ಜೆ 8: ನಿಮ್ಮ ಉತ್ತರವನ್ನೇ ಅನುಮಾನಿಸಿ

ಅಕ್ಕಪಕ್ಕದ ಇಬ್ಬರು ಬೆಳೆಗಾರರು ಇಬ್ಬರೂ ಬೆಣ್ಣೆಹಣ್ಣು ಹಾಕಿದ್ದಾರೆ ಅಂದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿದ್ದಾ? ಅಥವಾ ಇಬ್ಬರದ್ದೂ ಒಂದೇ ಮಣ್ಣು, ಒಂದೇ ಮಳೆ, ಒಬ್ಬನೇ ವ್ಯಾಪಾರಿ ಅನ್ನುವ ಕಾರಣಕ್ಕಾ? ಜಾಲದ ಚಿತ್ರ ಒಂದರಿಂದಲೇ ಇದನ್ನು ಹೇಳಲು ಬರುವುದಿಲ್ಲ. ಯಾರು ಯಾವ ವರ್ಷ ಹಾಕಿದರು ಅಂತ ಕೇಳಿದರೆ ಸ್ವಲ್ಪ ತಿಳಿಯುತ್ತದೆ.

ಇನ್ನೊಂದು, 'ಪವರ್ ಲಾ' ಅನ್ನುವ ಮೋಹ. ಕೆಲವೇ ಚುಕ್ಕಿಗಳಿಗೆ ವಿಪರೀತ ಗೆರೆ ಇರುವ ಜಾಲಗಳ ಬಗ್ಗೆ ಆಲ್ಬರ್ಟ್-ಲಾಸ್ಲೊ ಬರಾಬಸಿ, ರೇಕಾ ಆಲ್ಬರ್ಟ್ 1999ರಲ್ಲಿ ಬರೆದ ಮೇಲೆ ಎಲ್ಲರಿಗೂ ಎಲ್ಲ ಕಡೆ ಅದೇ ಕಾಣತೊಡಗಿತು. 2019ರಲ್ಲಿ ಅನ್ನಾ ಬ್ರೊಯ್ಡೊ, ಆರನ್ ಕ್ಲಾಸೆಟ್ ಸಾವಿರಕ್ಕೆ ಹತ್ತಿರದಷ್ಟು ಜಾಲ ಪರೀಕ್ಷಿಸಿದಾಗ ಗಟ್ಟಿ ಪುರಾವೆ ಸಿಕ್ಕಿದ್ದು ಸುಮಾರು 4% ಜಾಲಗಳಲ್ಲಿ. ಅರವತ್ತು ಮನೆಯ ಊರಿನ ಜಾಲ ಇಟ್ಟುಕೊಂಡು ಆ ಮಾತು ಎತ್ತಲೇಬೇಡಿ. ಬದಲಿಗೆ ಪ್ರತಿ ಚುಕ್ಕಿಯ ಗೆರೆಗಳ ಸಂಖ್ಯೆ ಹಾಗೇ ಇಟ್ಟು, ಗೆರೆಗಳ ತುದಿಗಳನ್ನು ಕಲಸಿ ನೂರಾರು ಸುಳ್ಳು ಜಾಲ ಮಾಡಿ. ನಿಮಗೆ ಕಂಡ ವಿಶೇಷ ಆ ಸುಳ್ಳು ಜಾಲಗಳಲ್ಲೂ ಕಂಡರೆ ಅದು ವಿಶೇಷವಲ್ಲ.

ಹೆಜ್ಜೆ 9: ತೋರಿಸುವುದು

ಮೊದಲು ತೋರಿಸಬೇಕಾದ್ದು ಮಾಹಿತಿ ಕೊಟ್ಟವರಿಗೆ. 'ಈ ರಸ್ತೆ ಎರಡು ಮಳೆಗಾಲದಿಂದ ಬಂದ್ ಇದೆ ಮಾರಾಯ್ರೆ' ಅಂತ ಅವರು ಒಂದೇ ನೋಟಕ್ಕೆ ತಪ್ಪು ಹಿಡಿಯುತ್ತಾರೆ. ಜನರ ಜಾಲವನ್ನು ಮಾತ್ರ ಹಾಗೇ ಹರಡಬೇಡಿ. ಹೆಸರು ತೆಗೆದು ಸಂಖ್ಯೆ ಹಾಕಿದರೂ, ಸಣ್ಣ ಊರಲ್ಲಿ ಎಲ್ಲರಿಗಿಂತ ಜಾಸ್ತಿ ಗೆರೆ ಇರುವ ಚುಕ್ಕಿ ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ. ಯಾರ ಜೊತೆಗೂ ಗೆರೆ ಇಲ್ಲದ ಚುಕ್ಕಿ ಯಾರು ಅಂತಲೂ ಗೊತ್ತಾಗುತ್ತದೆ, ಅದು ಇನ್ನೂ ಕಷ್ಟ. ಸಭೆಯಲ್ಲಿ ತೋರಿಸುವಾಗ ಮನೆಗಳನ್ನು ಗುಂಪು ಮಾಡಿ: ಲೈನ್ ಮನೆಗಳು, ಹಾಡಿ (ಬುಡಕಟ್ಟು ಜನರ ಕೇರಿ), ಪೇಟೆ ಬದಿ, ತೋಟದ ಮನೆಗಳು. ಯಾವ ಗುಂಪಿಂದ ಯಾವ ಗುಂಪಿಗೆ ಎಷ್ಟು ಬಾಣ ಅನ್ನುವುದು ಸಾಕು.

ಚಿತ್ರದ ಕೆಳಗೆ ಯಾವ ತಿಂಗಳು ಕೇಳಿದ್ದು, ಗೆರೆ ಅಂದರೆ ಏನು, ಬೇಲಿ ಎಲ್ಲಿ ಹಾಕಿದ್ದು, ಎಷ್ಟು ಮನೆಯವರು ಸಿಗಲಿಲ್ಲ ಅನ್ನುವುದನ್ನು ಚಿತ್ರದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ.